ಬಾಯಾರ ಫಟಫಟಿ ಹಲ್ಲು ಯಾಕ ಸವದವು

ಕೈಗೆ ಎಣ್ಣಿ-ಮಸಿ ಹತ್ತಿಸ್ಕೊಂಡು ದುಡಿಯೂ ಮನಷ್ಯಾನ್ನ ಫಜೀತಿಗಳು ತಾವ ಹುಡಿಕ್ಕೊಂಡು ಬರ್ತಾವ. ಕುರ್ಚಿ ಮ್ಯಾಲ ಕುಂದರಾವ್ರಿಗೆ ಅಷ್ಟು ಬರೂದಿಲ್ಲ, ಬಂದ್ರೂ ಅವರು ಬಾಯಿ ಬಿಡೂದಿಲ್ಲ. ನಾ ಬಿಡ್ತೇನಿ. ಸಾಲಿ ನಾ ಎರಡನೇತ್ತಾಕ ಬಿಟ್ಟಾಂವ, ಹೆಂಗ ಮಾತಾಡ್ತೇನಿ ಹಂಗ ಬರದೀನಿ. ತಪ್ಪು ಹುಡುಕಾವ್ರು ಹುಡಿಕ್ಕೋಂತ ಕುಂದರ್ರಿ. ಆದ್ರ ಒಂದು ಮಾತು ಮೊದಲ ಹೇಳಿಬಿಡ್ತೇನಿ. ಆ ಎರಡನೇ ಮಹಾಯುದ್ಧದ ಕಾಲದಾಗ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು, ಈ ನಾಕೂ ಕಡೆ ಫಟಫಟಿ ರಿಪೇರಿ ಗೊತ್ತಿದ್ದ ಗಂಡಸು ಒಬ್ಬನ ಒಬ್ಬ. ಯಾರು ಅಂತ ನಾ ಹೇಳೂದಿಲ್ಲ. ನಿಮಗ ತಿಳದಿರತೈತಿ.

ತೊಟ್ಲಗಾಡಿ

ಸವಣೂರ ದವಾಖಾನಿಗೆ ಒಬ್ರು ನರ್ಸಬಾಯಿ ಬಂದ್ರು. ನಾವೆಲ್ಲಾ ಬಾಯಾರು ಅಂತಿದ್ವಿ. ಆಚಾರ್ಯರ ಮನಿ ಹೆಣ್ಣಮಗಳು. ಅಪ್ಪ, ಕಾಕಾ, ಅಣ್ಣ ಎಲ್ಲಾರೂ ಸಂಸ್ಕೃತ ಅರದು ಕುಡದವರು. ಈಕಿ ಮಾತ್ರ ಪುಣೇಕ ಹೋಗಿ ಹೆರಿಗಿ ಮಾಡ್ಸೂದು ಕಲ್ತು ಬಂದಿದ್ರು. ಹಳ್ಳಿ ತಿರಗಾಕ ದವಾಖಾನ್ಯಾಗ ಒಂದು ಫಟಫಟಿ, ಅಂದ್ರ ಮೋಟರಸೈಕಲ್ಲು, ಇತ್ತು. ಯಾರೋ ಸಾಹೇಬ ವಿಲಾಯತಿಗೆ ಹೊಳ್ಳಿ ಹೋಗೂ ಮುಂದ ಬಿಟ್ಟು ಹೋಗಿದ್ದು. ಅದನ್ನ ಹೊಡ್ಯಾಕ, ರಿಪೇರಿ ಮಾಡಾಕ ನಾ.

ನಾ ಕಮ್ಮಾರ. ಸ್ವಂತ ಕುಲುಮಿ ಇತ್ತು. ‘ಕುಲುಮಿ ಬಿಟ್ಟು ಇದಕ್ಯಾಕ ಸೇರಿದಿ’ ಅಂತ ಮಂದಿ ಕೇಳಿದ್ರ, ‘ಸೋಕಿ’ ಅಂತಿದ್ನಿ. ಖರೇ ಅಂದ್ರ ನಮ್ಮ ಮೊದಲ ಕೂಸು, ಸೂಲಗಿತ್ತಿ ಇನ್ನೂ ದಾರ್ಯಾಗ ಇರೂದ್ರಾಗ ಹೋಗಿತ್ತು. ಅದನ್ನೆಲ್ಲಾ ಮಂದೀ ಮುಂದ ಏನು ಹೇಳೂದು. ಸೋಕಿ ಅಂದ್ರ ಮುಗೀತು.

ಬಾಯಾರು ಫಟಫಟಿ ನೋಡಿದ್ರು, ನನ್ನ ನೋಡಿದ್ರು. ‘ಏನಪಾ, ನಾ ನಿನ್ನ ಬೆನ್ನ ಹಿಂದ ಕೂತದ್ದು ನಮ್ಮಪ್ಪಗ ತಿಳೀತಂದ್ರ, ಬದುಕಿದ್ದಾಗನ ನನ್ನ ಹೆಸರಿಲೆ ಸ್ನಾನ ಮಾಡಿಬಿಡ್ತಾರ’ ಅಂದ್ರು.

ನಾ ಸುಮ್ಮ ಬಿಡ್ತೇನಿ? ಒಂದು ಮುರಕ ಟಾಂಗಾ ತಂದ್ನಿ. ನಡುವ ಕೊಯ್ದ್ನಿ. ಒಂದ ಗಾಲಿ ಇಟ್ಟು, ಸಾಗವಾನಿ ಹಲಗೀಲೆ ಗೂಡು ಮಾಡಿ, ಮ್ಯಾಲ ಕಮಾನು, ನಾಕೂ ಮೂಲಿಗೆ ಹಿತ್ತಾಳಿ ಗುಬ್ಬಿ, ಕಬ್ಬಿಣದ ಪಟ್ಟೀಲೆ ಫಟಫಟಿ ಮಗ್ಗಲಕ ಬಿಗದ್ನಿ. ಮಂದಿ ಅದಕ್ಕ ತೊಟ್ಲಗಾಡಿ ಅಂತ ಹೆಸರಿಟ್ರು. ಅಂಥಾದ್ದು ಮುಂಬೈದಾಗೂ ಇರ್ಲಿಲ್ಲ. ನಾ ಮುಂಬೈ ನೋಡಿಲ್ಲ, ಆದ್ರೂ ಇರ್ಲಿಲ್ಲ.

ಮೊದಲನೇ ದಿನ ಶಿಗ್ಗಾವಿ ಸಂತ್ಯಾಗ ನಿಲ್ಲಿಸಿದ್ನಿ. ಒಬ್ಬಾಕಿ ಮುದುಕಿ ಬಂದ್ಲು, ಕಮಾನು ನೋಡಿದ್ಲು, ಹಿತ್ತಾಳಿ ಗುಬ್ಬಿ ನೋಡಿದ್ಲು, ಒಳಗ ಬಿಳೀ ಸೀರಿ ಉಟ್ಕೊಂಡು ಕುಂತ ಬಾಯಾರ್ನ ನೋಡಿದ್ಲು. ಚಪ್ಪಲಿ ಬಿಟ್ಟು, ಎರಡು ಕೈ ಜೋಡಿಸಿ, ಒಂದು ಕಾಯಿ ಟಪ್ ಅಂತ ನನ್ನ ಗಾಲಿ ಮುಂದನ ಒಡದು, ಕಣ್ಣು ಮುಚ್ಚಿ ನಿಂತ್ಲು.

ಬಾಯಾರು ಗಾಬರಿಯಾಗಿ, ‘ಅಯ್ಯ, ನಾ ದೇವ್ರಲ್ಲವ್ವಾ. ನಾ ನರ್ಸು’ ಅಂದ್ರು.

ಮುದುಕಿ ಕಣ್ಣು ತೆರೀಲೇ ಇಲ್ಲ. ‘ಗೊತ್ತಾತ ತಾಯಿ, ನರ್ಸವ್ವ. ಮೂಲ ಗುಡಿ ಯಾವ ಊರಾಗ ಐತ್ಯವ್ವಾ?’

ಹಲ್ಲು ಕಟ್ಟಾಂವ

ಈಗ ಒಂದೀಟು ಕಬ್ಬಿಣದ ಮಾತು. ಫಟಫಟ್ಯಾಗ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಒಂದು ಚೈನು ಹೊಕ್ಕೈತಿ. ಅದು ಹಲ್ಲಿನ ಗಾಲಿ ಮ್ಯಾಲ ಕುಂತು ಓಡತೈತಿ. ವರ್ಷಗಟ್ಟಲೆ ಬರಬೇಕಾದ ಹಲ್ಲು ನಮ್ಮ ಗಾಡ್ಯಾಗ ಒಂದು ಮಳಿಗಾಲ ಮುಗಿಯೂದ್ರಾಗ ಸವದು, ಬೆಕ್ಕಿನ ಉಗರಿನಂಗ ಬಾಗಿಬಿಡ್ತಿದ್ವು. ಚೈನು ಜೋಲಿ ಬಿದ್ದು ದಾರ್ಯಾಗ ಕಳಚತಿತ್ತು. ಯುದ್ಧ ನಡದಿತ್ತು, ವಿಲಾಯತಿ ಸಾಮಾನು ಬರೂದು ನಿಂತಿತ್ತು. ಇದ್ದದ್ದು ಹಾಕಿ, ಹಾಕಿದ್ದು ಸವದು, ಕಡೀಕ ಒಂದ ಚೈನು ಉಳೀತು.

ಬಾಯಾರು ಅವತ್ತ ನನಗ ಹೇಳಿದ್ರು. ‘ನೋಡಪಾ, ಈ ಚೈನು ಹೋತಂದ್ರ ಗಾಡಿ ಮೂಲೀಗೆ, ನಾ ಹುಬ್ಬಳ್ಳಿ ದವಾಖಾನಿಗೆ. ಅಲ್ಲಿ ಬಸುರಿ ತಾನ ನಡಕೋತ ಬರ್ತಾಳ. ಇಲ್ಲೆ ನಾ ದಾರ್ಯಾಗ ನಿಂತು, ಅಲ್ಲೆ ಒಂದು ಜೀವ ಹೋಗೂದು, ಅದನ್ನ ತಡಕೊಳ್ಳಿಕ್ಕೆ ನನ್ನ ಕೈಲೆ ಆಗೂದಿಲ್ಲ.’

ಮನ್ಯಾಗ ನಮ್ಮಾಕಿ ಮತ್ತ ಬಸುರಿದ್ಲು.

ಮರುದಿನ ಹುಬ್ಬಳ್ಳಿ ಬಸ್ಸಿನ ಡ್ರಾಯವರಗ, ‘ಬಾಯಾರ ಗಾಡಿ ಹಲ್ಲು ಸವದಾವ, ಹೊಸಾವು ಸಿಗತಾವೇನು ಅಲ್ಲೆ ಕೇಳು’ ಅಂದ್ನಿ. ಅಂವ ಕಂಡಕ್ಟರಗ ಹೇಳಿದ. ಕಂಡಕ್ಟರ ಒಬ್ಬ ಎಲಿ ಯಾಪಾರಿಗೆ ಹೇಳಿದ. ಹೇಳಿ ಹೇಳಿ ‘ಗಾಡಿ’ ಅನ್ನೂ ಮಾತು ದಾರ್ಯಾಗ ಎಲ್ಲೋ ಬಿದ್ದುಹೋತು. ಹುಬ್ಬಳ್ಳಿ ಮುಟ್ಟಿದ್ದು ‘ಬಾಯಿ ಹಲ್ಲು ಸವದಾವ’ ಅಂತ ಅಷ್ಟ.

ಮುಂದಿನ ವಾರ ಬಾಯಾರು ಹಾನಗಲ್ಲದಾಗ ಇದ್ರು. ಕೋಟು ಹಾಕ್ಕೊಂಡಾಂವ ಒಬ್ಬ ಬಸ್ಸಿಳದು ಬಂದ. ಕೈಯಾಗ ಒಂದು ಡಬ್ಬಿ. ತಗದ್ರ ಒಳಗ ಹಲ್ಲಿನ ಸಟ್ಟು, ಗುಲಾಬಿ ವಸಡಿನ ಸಮೇತ ನಗಾಕತ್ತೈತಿ. ‘ಎಲ್ಲೆ, ಬಾಯಿ ತೆರೀರಿ ಬಾಯಾರ’ ಅಂದ.

ಬಾಯಾರಿಗೆ ಹರೇದ ವಯಸ್ಸು, ಮುತ್ತಿನಂಥಾ ಹಲ್ಲು. ಅವು ಕಾಣೂ ಹಂಗ ನಕ್ಕಬಿಟ್ರು. ಅಂವ ಡಬ್ಬಿ ಹಿಡಕೊಂಡು ನಿಂತಾಂವ, ಮಾರಿ ಸಣ್ಣದಾತು. ‘ಎಲ್ಲಾ ಅದಾವಲ್ರೀ! ಇಷ್ಟು ದೂರ ಬಂದೀನಿ, ಒಂದರೆ ಅಲಗ್ಯಾಡತೈತೇನು ನೋಡ್ರಿ.’

ನನಗ ಪಾಪ ಅನಿಸಿ, ಗಾಡಿ ಹತ್ರ ಕರಕೊಂಡು ಹೋಗಿ ಖರೇ ಹಲ್ಲು ತೋರಿಸಿದ್ನಿ. ಅಂವ ಬಗ್ಗಿ, ಬೆರಳಾಡ್ಸಿ, ಭಾಳ ಹೊತ್ತು ನೋಡಿದ. ಎದ್ದು ನಿಂತು ನನಗ ಬುದ್ಧಿ ಹೇಳಿದ. ‘ಹಳ್ಳ್ಯಾಗ ಬೂದೀಲೆ ತಿಕ್ಕೂ ಮುದುಕರ ಹಲ್ಲು ಹಿಂಗ ಸವದಿರ್ತಾವ್ರಿ. ಇನ್ನ ಮ್ಯಾಲ ಈ ಗಾಡಿಗೆ ಬೂದೀಲೆ ಹಲ್ಲು ತಿಕ್ಕಸಬ್ಯಾಡ್ರಿ.’

ಅಂವ ಹೋದಮ್ಯಾಲ ನಾ ಮತ್ತ ಬಾಯಾರು ಹೊಟ್ಟಿ ಹಿಡಕೊಂಡು ನಕ್ವಿ. ಗಾಡಿಗೆ ಹಲ್ಲು ತಿಕ್ಕಸೂದಂತ! ಹುಚ್ಚಪ್ಯಾಲಿ.

ಭಾರ ಯಾರದು

ನಾ ನಗಾಡಿದ್ನಿ, ಆದ್ರ ನಿದ್ದಿ ಬರ್ಲಿಲ್ಲ. ಸವಣೂರಾಗ ಒಬ್ಬ ಚಾಚಾ ಇದ್ದ. ಕೀಲಿ, ಕತ್ತಿ, ಅಡಕತ್ತರಿ ಮಾಡಾಂವ. ಕಬ್ಬಿಣದ ಕೆಲಸದಾಗ ನನ್ನ ಬಿಟ್ರ ಅಂವನ. ಅಂವಂದು ಕೇಳಿದ್ರ ಅಂವನ್ನ ಬಿಟ್ರ ನಾ ಅಂತಿದ್ದ, ಇರಲಿ. ಇಬ್ರೂ ಕೂಡಿ ಒಂದು ಹಳೇ ಸ್ಪ್ರಿಂಗಿನ ಪಟ್ಟಿ ಬಡದು, ಕಬ್ಬಿಣ ತಿಕ್ಕೂ ಕಾನಸ ಹಾಕಿ, ಹೊಸಾ ಹಲ್ಲಿನ ಗಾಲಿ ಮಾಡಿ, ಇದ್ದದ್ದು ಪೂರಾ ಸವದಮ್ಯಾಲ ಹಾಕೂನು ಅಂತ ಇಟ್ವಿ.

ಚಾಚಾ ಅಂದ, ‘ಬೇಟಾ, ಹಲ್ಲು ಸವಿಯೂದು ಹಲ್ಲಿನ ತಪ್ಪಲ್ಲ. ಭಾರದ ತಪ್ಪು. ಒಬ್ಬರ ಕುಂದರೂ ಗಾಡಿಗೆ ನೀ ಒಂದು ಮನೀನ ಕಟ್ಟೀದಿ.’

ನನ್ನ ತೊಟ್ಲಕ್ಕ ಹೆಸರಿಟ್ರ ನಾ ಕೇಳ್ತೇನಿ? ‘ತೊಟ್ಲ ಹೂವಿನಂಗೈತಿ ಚಾಚಾ. ಭಾರ ಏನಿದ್ರೂ ಬಾಯಾರು, ಅವರ ಪೆಟಿಗಿ’ ಅಂದ್ನಿ. ಹಿಂದ ನೋಡಿದ್ರ ಬಾಯಾರು ನಿಂತಾರ.

ಅವರು ಅವತ್ತಿನಿಂದ ಪ್ರತಿ ದಿಬ್ಬಕ್ಕೂ ಗಾಡಿ ಇಳದು, ಪೆಟಿಗಿ ಕೈಯಾಗ ಹಿಡಕೊಂಡು, ಬಿಸಲಾಗ ನಡಕೋತ ಏರಾಕ ಚಾಲೂ ಮಾಡಿದ್ರು. ನಾ ಒಬ್ಬನ ಗಾಡಿ ಮ್ಯಾಲ ಜರ್ ಅಂತ ಹೋಗಿ ತುದಿಗೆ ನಿಂದ್ರೂದು. ಹೊಲದಾಗಿನ ಮಂದಿ, ‘ಏ ಗಂಡಸ, ನಾಚಿಕಿ ಐತೇನು ನಿನಗ’ ಅಂತ ನನಗ ಬೈಯೂದು. ಇಷ್ಟಾದ್ರೂ ಹಲ್ಲು ಸವಿಯೂದು ನಿಲ್ಲಲಿಲ್ಲ.

ಕಡೀಕ ಚಾಚಾ, ‘ತೂಗೇ ಬಿಡೂನು’ ಅಂದ. ಹತ್ತಿ-ಅರಳಿ ಅಂಗಡ್ಯಾಗ ಮೂಟಿ ತೂಗೂ ದೊಡ್ಡ ತಕ್ಕಡಿ ಇತ್ತು. ಒಂದು ತಕ್ಕಡ್ಯಾಗ ಬಾಯಾರ್ನ, ಅವರ ಪೆಟಿಗಿ, ನೀರಿನ ತಂಬಿಗಿ, ಎಲ್ಲಾ ಇಟ್ಟ. ಇನ್ನೊಂದರಾಗ ನನ್ನ ಕುಂದರ್ಸಿದ. ನನ್ನ ಕಡೆ ತಕ್ಕಡಿ ಧಬಕ್ಕನ ನೆಲಾ ಕಂಡತು, ಬಾಯಾರು ಪೆಟಿಗಿ ಸಮೇತ ಮ್ಯಾಲ ಹೋಗಿ ಜೋಲಿ ಹೊಡ್ಯಾಕತ್ರು.

ಆಗೂದ. ಬಾಯಾರು ಕೂಸು ಕೈಗೆ ತಗೋಂತಿದ್ರು, ನಾ ಹುಗ್ಗಿ ಗಂಗಾಳ ಕೈಗೆ ತಗೋಂತಿದ್ನಿ. ಯಾವ ಮನ್ಯಾಗೂ ಒಲ್ಯಾ ಅಂದಾಂವಲ್ಲ.

ಬಾಯಾರು ಮ್ಯಾಲಿಂದನ ಕೇಳಿದ್ರು, ‘ಮುಂದಿನ ದಿಬ್ಬಕ್ಕ ಯಾರು ಇಳೀಬೇಕಪಾ?’

ಬಣವಿ ಹಿಂದ

ಆಮ್ಯಾಲ ನನ್ನ ತಲಿಗೆ ಹೊಳೀತು. ಇದು ಟಾಂಗಾದವರ ಕಿತಾಪತಿ. ಬಾಯಾರು ಫಟಫಟಿ ಹತ್ತಿದಮ್ಯಾಲ ಅವರಿಗೆ ಬಾಡಗಿ ಇಲ್ಲ. ನಾ ಊಟಕ್ಕ ಕುಂತಾಗ ಬಂದು ಚೈನಿಗೆ ಏನೋ ಹಾಕ್ತಾರ. ಯಾಕಂದ್ರ ಹೆರಿಗಿ ಮಾಡ್ಸಿ ಹೊಳ್ಳಿ ಬಂದಾಗೆಲ್ಲಾ ಚೈನು ಕರ್ರಗ ಫಳಫಳ ಹೊಳೀತಿತ್ತು. ಅಲ್ಲೀತನಾ ನಾ, ನನ್ನ ಎಣ್ಣಿ ಹೆಂಗ ಹಿಡದೈತಿ ನೋಡು ಅಂತ ಮೀಸಿ ತಿರುವತಿದ್ನಿ.

ಚಿಕ್ಕೇರೂರಾಗ ಒಂದು ಹೆರಿಗಿ ಆತು. ಮಧ್ಯಾಹ್ನ. ಮನಿಯವರು ಉಣ್ಣಾಕ ಕರದ್ರು. ಹುಗ್ಗಿ ವಾಸನಿ ಬರಾಕತ್ತಿತ್ತು. ನಾ ಅದನ್ನೂ ಬಿಟ್ಟು, ಬಡಿಗಿ ಹಿಡಕೊಂಡು ಬಣವಿ ಹಿಂದ ಕುಂತ್ನಿ. ಹುಗ್ಗಿ ಬಿಟ್ಟೀನಿ ಅಂದ್ರ ನನ್ನ ಸಿಟ್ಟು ಎಷ್ಟಿತ್ತು ನೀವ ಲೆಕ್ಕ ಹಾಕ್ರಿ.

ಬಂದಾಕಿ ಆ ಮನಿ ಅಜ್ಜಿ. ಕೈಯಾಗ ಕೀಲೆಣ್ಣಿ ಗೊಟ್ಟ. ಬಂಡಿ ಅಚ್ಚಿಗೆ ಹಚ್ಚೂ ಕೀಲೆಣ್ಣಿ ಗೊತ್ತಲ್ಲ? ಹುಲ್ಲು ಸುಟ್ಟ ಬೂದಿಗೆ ಔಡಲೆಣ್ಣಿ ಕಲಸಿ, ಬಿದರಿನ ಗೊಟ್ಟದಾಗ ತುಂಬಿ ಇಟ್ಟಿರ್ತಾರ. ಅಜ್ಜಿ ಫಟಫಟಿ ಮುಂದ ಕುಕ್ಕರಗಾಲಿಲೆ ಕುಂತ್ಲು. ಬೆರಳಿಲೆ ತಗದು ತಗದು, ಚೈನಿನ ಒಂದೊಂದು ಕೊಂಡಿಗೂ ಹಚ್ಚಾಕತ್ಲು. ಹಚ್ಚಿಕೋಂತ ಅದರ ಕೂಡ ಮಾತು.

‘ದಣದೀ ನನ್ನಪ್ಪಾ? ಎಷ್ಟು ದೂರಿಂದ ಓಡಿ ಬಂದೀ. ನೀ ಒಂದೀಟು ತಡಾ ಮಾಡಿದ್ರ ನನ್ನ ಮೊಮ್ಮಗಳು ಉಳೀತಿದ್ಲೇನು? ತಿನ್ನು, ತಿನ್ನು. ನಿಮ್ಮಾಂವ ಬರೇ ತಾ ತಿಂತಾನ, ನಿನಗೇನೂ ಹಾಕೂದಿಲ್ಲ.’

ನಾ ಬಡಿಗಿ ಎತ್ಕೊಂಡು ಜಿಗದ್ನಿ. ‘ಏ ಮುದುಕಿ! ಸಿಕ್ಕಿ ನೋಡು!’

ಅಜ್ಜಿ ಅಲಗ್ಯಾಡಲಿಲ್ಲ. ‘ಬಣವಿ ಹಿಂದ ಯಾಕ ಕುಂತಿದ್ಯೋ? ಹೊಟ್ಟಿ ಕೆಟ್ಟೈತೇನ?’

‘ಅದೇನು ಹಚ್ಚಾಕತ್ತೀ?’

‘ಕಣ್ಣಿಲ್ಲೇನು? ಕೀಲೆಣ್ಣಿ. ಗಾಡಿ ಅಂದಮ್ಯಾಲ ಕೀಲೆಣ್ಣಿ ಬ್ಯಾಡೇನು? ನೀ ಅಂತೂ ಹಚ್ಚೂದಿಲ್ಲ, ಅದಕ್ಕ ನಾವ ಎಲ್ಲಾರೂ ಹಚ್ತೇವಿ.’

‘ಎಲ್ಲಾರೂ ಅಂದ್ರ?’

‘ಕೂಸು ಹುಟ್ಟಿದ ಮನಿಯವರೆಲ್ಲಾ. ತಿಳವಳ್ಳ್ಯಾಗ ನಿಮ್ಮ ಮಾವನೂ ಹಚ್ಚ್ಯಾನಂತ. ಹೇಳಿ ಹಚ್ಚಿದ್ರ ಸೇವಾ ಹೆಂಗಾಗತೈತಿ? ಅದಕ್ಕ ನೀ ಉಣ್ಣಾಕ ಕುಂತಾಗ ಹಚ್ಚೂದು.’

ನನ್ನ ಕೈಯಾಗಿನ ಬಡಿಗಿ ಕೆಳಗ ಬಿತ್ತು. ಬೂದಿ! ಆ ಹಲ್ಲು ಕಟ್ಟಾಂವ ಹೇಳಿದ್ದು ಖರೇನ ಇತ್ತು. ಬಂಡೀ ಅಚ್ಚಿಗೆ ಬೂದಿ ಛಲೋ. ಚೈನಿನ ಸಣ್ಣ ಸಣ್ಣ ಸಂದ್ಯಾಗ ಹೊಕ್ಕು, ಧೂಳು ಕೂಡಿ, ಕಾನಸ ತಿಕ್ಕಿದಂಗ ತಿಕ್ಕತೈತಿ. ಊರೂರು ಮಂದಿ, ಮಾಯಾ-ಮಮತೀಲೆ ನನ್ನ ಗಾಡಿ ಹಲ್ಲು ತಿಕ್ಕಿ ತಿಕ್ಕಿ ಉದರಿಸಿಬಿಟ್ಟಿದ್ರು.

ಗದ್ದಲ ಕೇಳಿ ಬಾಯಾರು ಹೊರಗ ಬಂದ್ರು. ಎಲ್ಲಾ ಕೇಳಿ ಕಟ್ಟಿ ಮ್ಯಾಲ ಕುಂತಬಿಟ್ರು. ಮೊದಲ ನಕ್ರು. ಆಮ್ಯಾಲ ಸೆರಗಿಲೆ ಕಣ್ಣು ಒರಸಿಕೊಂಡ್ರು. ‘ನನ್ನ ಗಾಡಿ ನಿಲ್ಲಬಾರದು ಅಂತ ಹಚ್ಚ್ಯಾರಲ್ಲೋ. ನಾ ನೋಡಿದ್ರ ಹುಬ್ಬಳ್ಳಿಗೆ ಹೋಗ್ತೀನಿ ಅನ್ಲಿಕ್ಕೆ ಹತ್ತಿದ್ದೆ’ ಅಂದ್ರು. ಆಮ್ಯಾಲ ಸಣ್ಣಗ, ‘ಬ್ಯಾಡ ಅಂತ ಮಾತ್ರ ಹೇಳಬ್ಯಾಡ. ಮನಸ್ಸು ಮುರೀತದ ಅಜ್ಜೀದು.’

ಬ್ಯಾಡ ಅನ್ನದ ನಿಲ್ಲಸಬೇಕು. ಇಂಥಾ ಕೆಲಸಕ್ಕ ನನ್ನ ತಲೀನ ಬೇಕು. ತೊಟ್ಲದ ಗಾಲಿ ಟಾಂಗಾದ್ದಲ್ಲ? ಅದರ ನಡುವ ಕಟಗಿ ಗುಂಭ, ಗುಂಭದಾಗ ಕಬ್ಬಿಣದ ಅಚ್ಚು. ಅದಕ್ಕ ಕೀಲೆಣ್ಣೀನ ಬೇಕು. ನಾ ಅಂದ್ನಿ, ‘ಅಜ್ಜೀ, ಈ ಕಡೆ ನಾ ಕುಂದರೂದು, ಬಾಯಾರು ಕುಂದರೂದು ಆ ಕಡೆ. ಬಾಯಾರ ಸೇವಾ ಆಗಬೇಕಂದ್ರ ಆ ಗಾಲಿಗೆ ಹಚ್ಚಬೇಕು.’

ಅಜ್ಜಿ ಗೊಟ್ಟ ಎತ್ಕೊಂಡು ಆ ಕಡೆ ನಡದ್ಲು. ‘ಹಂಗಂದ್ರ ಇಷ್ಟು ದಿನ ನಿನ್ನ ಸೇವಾ ಮಾಡಿದ್ನೇನು? ಥೂ, ಮೊದಲ ಹೇಳಾಕ ನಿನಗೇನು ಧಾಡಿ ಆಗಿತ್ತು!’

ಅತ್ತರಾ

ಚೈನು ಬಿಚ್ಚಿ ಚಿಮಣಿ ಎಣ್ಣ್ಯಾಗ ತೊಳದ್ನಿ, ಚಾಚಾನ ಕೂಡ ಮಾಡಿಟ್ಟ ಹಲ್ಲಿನ ಗಾಲಿ ಹಾಕಿದ್ನಿ. ಸುದ್ದಿ ಊರೂರಿಗೆ ಹೋತು, ಎಲ್ಲಾರೂ ಚೈನು ಬಿಟ್ಟು ತೊಟ್ಲದ ಗಾಲಿಗೆ ಹಚ್ಚಾಕತ್ರು. ಹುಲಗೂರಾಗ ದರ್ಗಾದ ಬಾಜೂಕ ಒಬ್ಬ ಅತ್ತರಾ ಮಾರಾಂವ ಇದ್ದ. ಅಂವನ ಹೆಂಡ್ತಿ ಹೆರಿಗಿನೂ ಬಾಯಾರ ಮಾಡ್ಸಿದ್ರು. ಅಂವ, ‘ಬಾಯಾರು ಕುಂದರೂ ಗಾಲಿಗೆ ಕಮಟ ಎಣ್ಣಿ ಹೆಂಗ ಹಚ್ಚೂದು’ ಅಂತ ಕೀಲೆಣ್ಣ್ಯಾಗ ಅತ್ತರಾ ಸುರುವಿ, ಕಲಸಿ ಹಚ್ಚಿಬಿಟ್ಟಿದ್ದ.

ಗಾಲಿ ತಿರಗಿದಂಗ ವಾಸನಿ. ಶಿಗ್ಗಾವಿ ದಾಟೂದ್ರಾಗ ನನ್ನ ಅಂಗಿ, ಧೋತರ, ರುಂಬಾಲು ಎಲ್ಲಾ ಘಮಘಮ. ಮನಿಗೆ ಹೋದ್ನಿ. ನಮ್ಮಾಕಿ ತುಂಬಿದ ಬಸುರಿ, ಸೊಂಟ ಹಿಡಕೊಂಡು ಬಾಗಲಾಗ ನಿಂತಿದ್ಲು. ಮೂಗು ಏರಿಸಿದ್ಲು.

‘ಎಲ್ಲೆ ಹೋಗಿದ್ರಿ?’

‘ಹುಲಗೂರಿಗೆ. ಇದು ಗಾಲಿಗೆ ಹಚ್ಚಿದ್ದು.’

‘ಹೌದ್ರಿ. ಮಂದಿ ಗಾಲಿಗೆ ಅತ್ತರಾ ಹಚ್ತಾರ. ನನಗ ಔಡಲೆಣ್ಣಿ ಹಚ್ತಾರ.’

ಮರುದಿನ ಬಾಣಂತನಕ್ಕ ತವರಮನಿ ತಿಳವಳ್ಳಿಗೆ ಹೋದ್ಲು. ಬಂಡ್ಯಾಗ ಹೋದ್ಲು. ನನ್ನ ಗಾಡಿ ಹತ್ತಲಿಲ್ಲ.

ತಿಳವಳ್ಳಿ

ಒಂದಿನ ಮುಂಜಾನೆ ತಿಳವಳ್ಳಿಂದ ಆಳು ಬಂದ. ‘ಬ್ಯಾನಿ ಸುರು ಆಗ್ಯಾವ್ರಿ. ಕೂಸು ಅಡ್ಡ ಐತಿ ಅಂತಾರ.’

ಬಾಯಾರು ಪೆಟಿಗಿ ತಗೊಂಡು ತೊಟ್ಲದಾಗ ಕುಂತ್ರು. ನಾ ಕಿಕ್ ಹೊಡದ್ನಿ. ನಾ ಜೀವಮಾನದಾಗ ಯಾವದಕ್ಕೂ ಅಂಜಿದಾಂವಲ್ಲ. ಹಾನಗಲ್ಲ ದಾಟಿದಮ್ಯಾಲ ದಾರಿ ಕೆಟ್ಟಿತ್ತು, ತಗ್ಗಿಗೆ ಬಿದ್ದಾಗೊಮ್ಮೆ ಚೈನು ಕಟ್ ಕಟ್ ಅಂತಿತ್ತು, ಅದರ ಕೂಡ ನನ್ನ ಹಲ್ಲೂ ಕಟ್ ಕಟ್ ಅಂತಿದ್ವು. ಥಂಡಿಗೆ. ಬ್ಯಾಸಿಗಿ ಇತ್ತು ಖರೆ, ಆದ್ರ ಗಾಳಿ ಥಂಡಿ ಇತ್ತು.

ಕಡೀ ದಿಬ್ಬಕ್ಕ ಬಾಯಾರು ಕೇಳೂಕಿಂತ ಮೊದಲ ನಾನ ಇಳದ್ನಿ. ಬಾಯಾರ್ನ ಒಳಗ ಕುಂದರ್ಸಿ, ಎಂಜಿನ್ ಚಾಲೂ ಇಟ್ಟು, ಮಗ್ಗಲಕ ಓಡಿಕೋಂತ, ದಬ್ಬಿಕೋಂತ ಏರಿಸಿದ್ನಿ. ಚೈನು ತಡೀತು. ತಡೀಲಾರದ ಏನು, ನಾನ ತೊಳದದ್ದು.

ಬಾಯಾರು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರು. ಅತ್ತಿನೂ ಒಳಗ. ಮಾವಾರು ಕಟ್ಟಿ ಮ್ಯಾಲ ಕುಂತಿದ್ರು. ನಾ ಅಂಗಳದಾಗ. ಒಳಗ ನಮ್ಮಾಕಿ ಚೀರೂದು ಕೇಳತಿತ್ತು. ಅದು ಕೇಳಾಕ ಆಗ್ತಿರ್ಲಿಲ್ಲ. ಆಮ್ಯಾಲ ಸಪ್ಪಳ ನಿಂತತು. ಅದನ್ನಂತೂ ಕೇಳಾಕ ಆಗಲೇ ಇಲ್ಲ. ಹಿಂದಿನ ಸಲಾನೂ ಹಿಂಗ ಸಪ್ಪಳ ನಿಂತಿತ್ತು. ನನ್ನ ಕೈಗೆ ಏನರೆ ಕೆಲಸ ಬೇಕಾಗಿತ್ತು. ಏನು ಹಿಡದ್ನಿ, ಎಷ್ಟೊತ್ತು ಹಿಡದ್ನಿ, ನನಗ ಖಬರಿಲ್ಲ.

ಆಮ್ಯಾಲ ಕೂಸು ಅತ್ತಿತು. ಎಂಥಾ ಧ್ವನಿ ಅಂತೀರಿ! ಫಟಫಟಿ ಹಾರ್ನಿಗೂ ಇರ್ಲಿಲ್ಲ ಅಂಥಾದ್ದು. ನನ್ನ ಮಗಳು.

ಬಾಯಾರು ಹೊರಗ ಬಂದ್ರು. ಮೈಯೆಲ್ಲಾ ಬೆವರು, ಮಾರಿ ತುಂಬ ನಗಿ. ‘ಇಬ್ರೂ ಛಲೋ ಇದ್ದಾರ’ ಅಂದವರ, ನನ್ನ ಹಿಂದ ಗಾಡಿ ನೋಡಿದ್ರು. ನಗಿ ನಿಂತತು.

‘ಚೈನಿಗೆ ಯಾರೋ ಅದನ್ನ ಹಚ್ಚಿದ್ದು?’

ನಾ ಹೊಳ್ಳಿ ನೋಡಿದ್ನಿ. ಕೊಂಡಿ ಕೊಂಡಿಗೂ ಕೀಲೆಣ್ಣಿ, ಕರ್ರಗ, ಫಳಫಳ, ಕೆಳಗ ತಟಕಾಕತ್ತಿತ್ತು. ಇಂಥಾ ಅನ್ಯಾಯ! ‘ಮಾವಾರ ಹಚ್ಚಿರಬೇಕ್ರಿ. ಅವರದು ಹಳೇ ಚಟಾ’ ಅಂದ್ನಿ.

ಮಾವಾರು ಕಟ್ಟಿ ಮ್ಯಾಲಿಂದ ಮೆತ್ತಗ ಅಂದ್ರು, ‘ನಾ ತೊಟ್ಲದ ಗಾಲಿಗಷ್ಟ ಹಚ್ಚೀನ್ರಿ ಬಾಯಾರ. ಗೊಟ್ಟ ಅಳಿಯಾರ ಕೈಯಾಗ ಐತಿ ನೋಡ್ರಿ. ಅಳಕೋಂತ ಹಚ್ಚಾಕತ್ತಿದ್ರು, ಅದಕ್ಕ ನಾ ಬ್ಯಾಡ ಅನಲಿಲ್ಲ.’

ಗೊಟ್ಟ ನನ್ನ ಕೈಯಾಗ ಇತ್ತು ಖರೆ. ಯಾರು ತಂದು ಕೊಟ್ರೋ ನನಗ ಇವತ್ತಿಗೂ ಗೊತ್ತಿಲ್ಲ. ಅಳೂ ಮಾತಂತೂ ಸುಳ್ಳ. ಮಾವಾರಿಗೆ ಆಗ ಕಣ್ಣು ಮಂಜಾಗಿದ್ವು.

ಬಾಯಾರು ಸಿಟ್ಟಾಗಲಿಲ್ಲ. ‘ಊರ ಮಂದಿಗೆಲ್ಲಾ ತಿಳಿಸಿ ಹೇಳಿದಿ, ಒಬ್ಬಗ ಹೇಳೂದು ಮರತಿ’ ಅಂದ್ರು. ಅವರು ಹುಬ್ಬಳ್ಳಿಗೆ ಹೋಗ್ಲಿಲ್ಲ. ಆ ಚೈನು ನಾ ಅವತ್ತ ಸಂಜೀಕ ಮತ್ತ ತೊಳದ್ನಿ, ಯುದ್ಧ ಮುಗಿಯೂತನಾ ಬಂತು.

ಅಷ್ಟರಾಗ ಅತ್ತಿ ಕೂಸಿನ್ನ ತಂದು ತೋರಿಸಿದ್ಲು. ನಾ ಎಲ್ಲಾ ಮರತು ಗಲ್ಲ ಮುಟ್ಟಿದ್ನಿ. ಹೆಬ್ಬೆಟ್ಟಿನಷ್ಟು ಕರೇ ಗುರುತು, ಆ ಕೆಂಪನ ಗಲ್ಲದ ಮ್ಯಾಲ ಅಚ್ಚೊತ್ತಿದಂಗ ಮೂಡಿತು.

‘ಅಯ್ಯ ಅಯ್ಯ’ ಅಂದ್ರು ಬಾಯಾರು.

‘ಅದು ದೃಷ್ಟಿಬೊಟ್ಟ್ರಿ. ಬೇಕಂತ ಹಚ್ಚೀನಿ’ ಅಂದ್ನಿ ನಾ.

ಒಳಗಿಂದ ನಮ್ಮಾಕಿ ದನಿ ಬಂತು. ಜೀವ ಇಲ್ಲದ ದನಿ, ಆದ್ರ ನಗಾಕತ್ತಿದ್ಲು. ‘ಹೆಂಡ್ತಿಗೆ ಔಡಲೆಣ್ಣಿ, ಮಗ್ಳಿಗೆ ಕೀಲೆಣ್ಣಿ. ಆ ಅತ್ತರಾ ಮುಂದ ಯಾರಿಗೆ ಇಟ್ಟೀರಂತ ಕೇಳ್ರಿ ಬಾಯಾರ!’